ಬಿಳಿ ಬಾಗಿಲಿನ ಹಸಿರು ಪಿಕಪ್

ನಮ್ಮ ವೆಸ್ಬಿಯಲ್ಲಿ ಯಾರೂ ಮುಖ ನೋಡಿ ಮನುಷ್ಯರ ಗುರುತು ಹಿಡಿಯುವುದಿಲ್ಲ, ಗಾಡಿ ನೋಡಿ ಹಿಡಿಯುತ್ತಾರೆ. ಅಮೆರಿಕದ ದಕ್ಷಿಣ ಡಕೋಟ ರಾಜ್ಯದ ಈ ಬಯಲಿನಲ್ಲಿ ಎದುರಿಗೆ ಬರುವ ಗಾಡಿ ಎರಡು ಮೈಲಿ ದೂರದಿಂದಲೇ ಕಾಣುತ್ತದೆ. ಹತ್ತಿರ ಬಂದಾಗ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಬೇಕು. ಅಷ್ಟೇ ನಮ್ಮ ನಮಸ್ಕಾರ. ಎತ್ತಲಿಲ್ಲವೋ, ಮಧ್ಯಾಹ್ನದೊಳಗೆ ನಿಮಗೆ ಕಾಯಿಲೆ ಎಂದೋ ಸೊಕ್ಕು ಎಂದೋ ಊರು ತೀರ್ಮಾನ ಮಾಡಿ ಮುಗಿಸಿರುತ್ತದೆ.

ಗಾಡಿಯ ಕೀ ಗಾಡಿಯಲ್ಲೇ ಇರುತ್ತದೆ. ದಾರಿಗೆ ಅಡ್ಡ ನಿಂತಿದ್ದರೆ ಯಾರು ಬೇಕಾದರೂ ಹತ್ತಿ ಪಕ್ಕಕ್ಕೆ ಸರಿಸಬಹುದು. ತೀರಾ ಅರ್ಜೆಂಟಿದ್ದರೆ ತೆಗೆದುಕೊಂಡು ಹೋಗಿ ಸಂಜೆ ತಂದು ಬಿಡಬಹುದು. ಕೀ ತೆಗೆದು ಜೇಬಿಗೆ ಹಾಕಿಕೊಳ್ಳುವವರನ್ನು ನಾವು ಸ್ವಲ್ಪ ಅನುಮಾನದಿಂದಲೇ ನೋಡುತ್ತೇವೆ. ವಿಮೆ ಮಾರಲು ಬರುವವರು ಹಾಗೆ ಮಾಡುತ್ತಾರೆ.

ನನ್ನ ತಮ್ಮ ಓರಿನ್‌ನ ಪಿಕಪ್ ಹಸಿರು ಬಣ್ಣದ್ದು, ಎಡಗಡೆಯ ಬಾಗಿಲು ಮಾತ್ರ ಬಿಳಿ. ಹಳೆಯ ಬಾಗಿಲನ್ನು ಒಂದು ಗೂಳಿ ಒದ್ದು ಹಾಳು ಮಾಡಿದಾಗ ಗುಜರಿಯಲ್ಲಿ ಸಿಕ್ಕಿದ್ದನ್ನು ಹಾಕಿಸಿಕೊಂಡ. ಬಣ್ಣ ಹೊಡೆಸೋ ಎಂದು ಹದಿನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ. "ಬಾಗಿಲು ಮುಚ್ಚುತ್ತಲ್ಲ, ಸಾಕು ಬಿಡು" ಎನ್ನುತ್ತಾನೆ. ಅವನ ಬಾಳೆಲ್ಲ ಹೀಗೇ, ಮುಚ್ಚಿದರೆ ಸಾಕು.

ಅವನಿಗೆ ಅರವತ್ತೇಳು, ಆರಡಿ ಮೂರಿಂಚು ಎತ್ತರ, ಮದುವೆಯಾಗಿಲ್ಲ. ಊರಿಂದ ಒಂದು ಮೈಲಿ ದೂರದ ನಮ್ಮ ಹಳೆಯ ಹೊಲದ ಮನೆಯಲ್ಲಿ ಒಬ್ಬನೇ ಇರುತ್ತಾನೆ. ಒಂಬತ್ತು ವರ್ಷದ ಹಿಂದೆ ಅಮ್ಮ ಹೋದ ಮೇಲೆ ಅವನು ಕೂತು ಊಟ ಮಾಡಿದ್ದನ್ನು ನಾನು ನೋಡಿಲ್ಲ. ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತು, ಬಾಣಲೆಯಿಂದಲೇ ತಿಂದು, ಅದನ್ನೇ ತೊಳೆದು ಇಡುತ್ತಾನೆ. ಅದನ್ನು ನೋಡಿದರೆ ನನಗೆ ಅಳುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಮೊದಲು ಬರುವುದು ಸಿಟ್ಟೇ.

ನಾನು ಮರ್ಡೆಲ್. ಅವನಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಎರಡಡಿಯಷ್ಟು ಕುಳ್ಳಿ ಎಂದು ಅವನು ಹೇಳುತ್ತಾನೆ, ಅಷ್ಟೇನಿಲ್ಲ. ಮೂವತ್ತೊಂದು ವರ್ಷ ಈ ಊರಿನ ಶಾಲಾ ಬಸ್ಸು ಓಡಿಸಿದವಳು. ಊರಿನ ಅರ್ಧ ಜನ ಚಿಕ್ಕಂದಿನಲ್ಲಿ ನನ್ನ ಬೈಗುಳ ತಿಂದೇ ದೊಡ್ಡವರಾಗಿದ್ದಾರೆ, ಅದರಿಂದ ಯಾರಿಗೂ ಕೆಟ್ಟದ್ದಾಗಿಲ್ಲ.

ಓರಿನ್ ಎಲ್ಲರಿಗೂ ಒಂದು ಬೆರಳು ಎತ್ತುತ್ತಾನೆ. ನಾಲ್ಕು ವರ್ಷದ ಹಿಂದೆ ಒಂದು ದಿನ ಅವನ ಪಕ್ಕದಲ್ಲಿ ಕೂತು ಹೋಗುತ್ತಿದ್ದಾಗ ಎದುರಿನಿಂದ ಆರ್ಲಿಸ್‌ಳ ಕಾರು ಬಂತು. ಇವನು ಎರಡು ಬೆರಳು ಎತ್ತಿದ. ಆಮೇಲೆ ಬೇಕೆಂದೇ ಏಳೆಂಟು ಸಲ ಅವನ ಜೊತೆ ಹೋಗಿ ಎಣಿಸಿದೆ. ಪಾದ್ರಿಗೆ ಒಂದು, ಅಂಚೆಯವನಿಗೆ ಒಂದು, ಜಿಲ್ಲೆಯ ಪೊಲೀಸು ಅಧಿಕಾರಿಗೂ ಒಂದೇ. ಆರ್ಲಿಸ್‌ಗೆ ಮಾತ್ರ ಎರಡು.

ಆರ್ಲಿಸ್ ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುವವಳು. ಅರವತ್ನಾಲ್ಕು ವರ್ಷ. ಗಂಡ ತೀರಿಕೊಂಡು ಏಳು ವರ್ಷವಾಗಿದೆ, ಮಕ್ಕಳಿಲ್ಲ. ನನಗಿಂತ ನಾಲ್ಕು ಬೆರಳು ಕುಳ್ಳಿ, ಆದರೆ ಬೆನ್ನು ನೆಟ್ಟಗೆ ಇಟ್ಟುಕೊಂಡು ನಡೆಯುವುದರಿಂದ ಯಾರಿಗೂ ಅದು ಗೊತ್ತಾಗುವುದಿಲ್ಲ. ಚಳಿಗಾಲದಲ್ಲಿ ಅವಳ ಮನೆಯ ಮುಂದಿನ ಹಿಮವನ್ನು ಬೆಳಗಾಗುವ ಮೊದಲೇ ಯಾರೋ ಬಾಚಿಟ್ಟು ಹೋಗಿರುತ್ತಿದ್ದರು. ಪಾದ್ರಿಯೇ ಬಾಚಿರಬೇಕು ಎಂದುಕೊಂಡು ಅವಳು ಅವನಿಗೆ ಸೇಬಿನ ಪೈ ಮಾಡಿ ಕೊಟ್ಟಳು. ಪಾದ್ರಿ ಏನೂ ಕೇಳದೆ ತಿಂದ. ಹಿಮ ಬಾಚಿದ ನನ್ನ ತಮ್ಮ ಅಂದೂ ತೊಟ್ಟಿಯ ಮುಂದೆ ನಿಂತು ಬಾಣಲೆಯಿಂದ ತಿಂದ.

ಅಕ್ಟೋಬರ್ ತಿಂಗಳ ಒಂದು ಮಂಗಳವಾರ ಲವೋನ್‌ಳ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಸುದ್ದಿ ಸಿಕ್ಕಿತು. ಲವೋನ್ ಕಾಫಿ ಬಗ್ಗಿಸುವಷ್ಟೇ ಸಲೀಸಾಗಿ ಸುದ್ದಿ ಬಗ್ಗಿಸುತ್ತಾಳೆ.

"ಆರ್ಲಿಸ್ ಊರು ಬಿಡ್ತಾಳಂತೆ ಕಣೇ. ಅವಳ ತಂಗಿ ಮಗಳು ಸಿಟಿಯಲ್ಲಿ ಮನೆ ನೋಡಿದ್ದಾಳೆ. ಲಿಫ್ಟ್ ಇದೆಯಂತೆ, ಹಿಮ ಬಾಚೋ ಕೆಲಸ ಇಲ್ವಂತೆ."

"ಹೋಗೋದು ಗ್ಯಾರಂಟಿನಾ?"

"ಶುಕ್ರವಾರ ಮಧ್ಯಾಹ್ನ ಹನ್ನೆರಡರ ಒಳಗೆ ಹೂಂ ಅಥವಾ ಉಹೂಂ ಅಂತ ಫೋನ್ ಮಾಡಬೇಕಂತೆ. ಇಲ್ಲಿ ಯಾರಿದ್ದಾರೆ ಅಂತ ಉಹೂಂ ಅಂತಾಳೆ ಹೇಳು."

ನಾನು ಕಾಫಿ ಅರ್ಧಕ್ಕೇ ಬಿಟ್ಟು ಓರಿನ್ ಹತ್ತಿರ ಹೋದೆ. ಅವನು ಕೊಯ್ಲು ಯಂತ್ರದ ಎಣ್ಣೆ ಬದಲಿಸುತ್ತಿದ್ದ. ವಿಷಯ ಹೇಳಿದೆ. ಅವನು ತುಂಬ ಹೊತ್ತು ಕೈ ಒರೆಸಿಕೊಂಡ.

"ಅಲ್ಲಿ ಬೆಚ್ಚಗಿರುತ್ತೆ ಅವ್ರಿಗೆ" ಅಂದ.

"ಬೆಚ್ಚಗಿರುತ್ತಂತೆ. ಹೋಗಿ ಒಂದು ಮಾತು ಹೇಳೋ."

"ಏನಂತ ಹೇಳ್ಲಿ?"

"ಇಲ್ಲೇ ಇರಿ ಅಂತ. ಮೂರಕ್ಷರ ಜಾಸ್ತಿ ಆದ್ರೂ ಪರವಾಗಿಲ್ಲ."

"ಗೊತ್ತಿರುತ್ತೆ ಬಿಡು ಅವ್ರಿಗೆ."

"ಎರಡು ಬೆರಳು ಎತ್ತಿಬಿಟ್ರೆ ಗೊತ್ತಾಗಿಬಿಡುತ್ತೇನೋ?"

ಅವನ ಕಿವಿ ಕೆಂಪಾಯಿತು. ನಾಲ್ಕು ವರ್ಷದಿಂದ ಯಾರೂ ನೋಡಿಲ್ಲ ಎಂದುಕೊಂಡಿದ್ದ ಪಾಪ. ಆಮೇಲೆ ಯಂತ್ರದ ಕೆಳಗೆ ನುಸುಳಿಕೊಂಡು, ನಾನು ಅಲ್ಲಿಂದ ಹೋಗುವವರೆಗೂ ಹೊರಗೆ ಬರಲೇ ಇಲ್ಲ.

ಬುಧವಾರ ಇಡೀ ದಿನ ಯೋಚಿಸಿದೆ. ಈ ಮನುಷ್ಯ ತಾನಾಗಿ ಬಾಯಿ ಬಿಡುವವನಲ್ಲ. ಊರೇ ಅವನ ಪರವಾಗಿ ಬಾಯಿ ಬಿಡಬೇಕು. ಊರಿನ ಬಾಯಿ ಬಿಡಿಸುವುದು ಏನು ಮಹಾ ಕೆಲಸ?

ಗುರುವಾರ ಬೆಳಗ್ಗೆ ಆರೂವರೆಗೆ ರೈಲು ಹಳಿಯ ಪಕ್ಕದ ಹಾದಿ ಹಿಡಿದು ಹೊಲದ ಮನೆಗೆ ನಡೆದೇ ಹೋದೆ. ನನ್ನ ಕಾರು ತೆಗೆದಿದ್ದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಓರಿನ್ ಆಗಲೇ ಹಿಂದಿನ ಹೊಲಕ್ಕೆ ಹೋಗಿ, ಸೋಯಾ ಗಿಡದ ಇಬ್ಬನಿ ಆರುವವರೆಗೆ ಯಂತ್ರಕ್ಕೆ ಗ್ರೀಸ್ ಹಚ್ಚುತ್ತಿದ್ದ. ಪಿಕಪ್ ಅಂಗಳದಲ್ಲಿತ್ತು, ಕೀ ಅದರಲ್ಲೇ ಇತ್ತು. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡು, ಅಲ್ಲೇ ಬಿದ್ದಿದ್ದ, ಬೀಜದ ಕಂಪನಿಯ ಹೆಸರಿರುವ ಅವನ ಟೋಪಿಯನ್ನು ತಲೆಗೆ ಹಾಕಿಕೊಂಡು ಹೊರಟೆ. ದಾರಿಯಲ್ಲಿ ಮೂರು ಗಾಡಿ ಎದುರಾದವು. ಮೂವರೂ ಬೆರಳೆತ್ತಿದರು, ನಾನೂ ಎತ್ತಿದೆ. ಆ ಮೂವರೂ ಈಗಲೂ ಬೈಬಲ್ ಮುಟ್ಟಿ ಹೇಳುತ್ತಾರೆ, ಅವತ್ತು ಕಂಡದ್ದು ಓರಿನ್ ಎಂದು.

ಆರ್ಲಿಸ್‌ಳ ಮನೆಯ ಮುಂದೆ, ಬಿಳಿ ಬಾಗಿಲು ರಸ್ತೆಗೆ ಕಾಣುವ ಹಾಗೆ ಗಾಡಿ ನಿಲ್ಲಿಸಿ, ಹಿಂದಿನ ಓಣಿಯಿಂದ ಜಾರಿಕೊಂಡೆ. ಬೆಳಗ್ಗೆ ಏಳು ಗಂಟೆಗೆ ವಿಧವೆಯ ಮನೆಯ ಮುಂದೆ ಬ್ರಹ್ಮಚಾರಿಯ ಪಿಕಪ್ ಇದ್ದರೆ ಅದು ಯಾವಾಗ ಬಂತು ಎಂದು ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ. ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಎಂಟು ಗಂಟೆಗೆ ನಾನು ಏನೂ ಅರಿಯದವಳಂತೆ ಲವೋನ್‌ಳ ಹೋಟೆಲಿನ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತಿದ್ದೆ. ಅಲ್ಲಿಂದ ಆರ್ಲಿಸ್‌ಳ ಮನೆಯ ಬಾಗಿಲು ಕಾಣುತ್ತದೆ. ಆ ರಸ್ತೆ ಮುಂದೆ ಎಲ್ಲಿಗೂ ಹೋಗುವುದಿಲ್ಲ, ಅವಳ ಮನೆ ದಾಟಿದರೆ ಬರೀ ಹುಲ್ಲು. ಆದರೂ ಅರ್ಧ ಗಂಟೆಯಲ್ಲಿ ಹನ್ನೊಂದು ಗಾಡಿ ಆ ಕಡೆಗೆ ಹೋಗಿ ತಿರುಗಿ ಬಂದವು. ಧಾನ್ಯದ ಲಾರಿಯೊಂದು ತಿರುಗಿಸಲಾಗದೆ ಒಂದಿಡೀ ಬೀದಿ ಹಿಂದಕ್ಕೇ ಬಂತು.

"ನೀನು ಅಕ್ಕ ತಾನೆ? ನಿಂಗೂ ಹೇಳಿಲ್ವಾ ಅವ್ನು?" ಎಂದು ಲವೋನ್ ನನ್ನ ಕಿವಿಯಲ್ಲಿ ಕೇಳಿದಳು.

"ಅವನ ವಿಷಯ ನಂಗ್ಯಾಕೆ ಹೇಳ್ತಾನೆ" ಎಂದು ಮುಖ ಊದಿಸಿಕೊಂಡೆ. ಒಳಗೊಳಗೇ ನಗು ತಡೆಯಲಾಗದೆ ಹೊಟ್ಟೆ ನೋಯುತ್ತಿತ್ತು.

ಒಂಬತ್ತಕ್ಕೆ ಬಾಗಿಲ ಗಂಟೆ ಸದ್ದಾಯಿತು. ಬಂದವಳು ಆರ್ಲಿಸ್. ನೀಲಿ ಕೋಟು ಹಾಕಿದ್ದಳು, ತಲೆ ಬಾಚಿದ್ದಳು, ಮುಖದಲ್ಲಿ ಏನೂ ಇಲ್ಲ. ಹೋಟೆಲಿನಲ್ಲಿ ಚಮಚದ ಸದ್ದೂ ನಿಂತುಹೋಯಿತು. ನನ್ನ ಲೆಕ್ಕದಲ್ಲಿ ಅವಳು ನಾಚಿಕೊಂಡು ಒಳಗೇ ಕೂತಿರಬೇಕಿತ್ತು, ಊರವರ ಮಾತು ಕೇಳಿ ಓರಿನ್ ಓಡಿಬರಬೇಕಿತ್ತು. ಇವಳೇ ಎದ್ದು ಬಂದು, ಇದು ಯಾರದೋ ಕಿತಾಪತಿ ಅಂದುಬಿಟ್ಟರೆ ಅಲ್ಲಿಗೆ ಎಲ್ಲ ಮುಗಿಯಿತು. ಮರುದಿನ ಅವಳು ಸಿಟಿಗೆ ಹೂಂ ಅನ್ನುತ್ತಾಳೆ, ಓರಿನ್ ನನ್ನ ಮುಖವನ್ನೇ ನೋಡುವುದಿಲ್ಲ.

ಅವಳು ಕೂತಳು. ಲವೋನ್ ಕಾಫಿ ಬಗ್ಗಿಸಿದಳು, ಬಟ್ಟಲು ತುಂಬಿ ತಟ್ಟೆಗೆ ಬಂತು.

"ಓರಿನ್ ತಿಂಡಿ ತಿಂದ್ರಾ?" ಎಂದು ಲವೋನ್ ಕೇಳಿಯೇಬಿಟ್ಟಳು.

ಆರ್ಲಿಸ್ ನಿಧಾನವಾಗಿ ಸಕ್ಕರೆ ಕಲಕಿದಳು. ಒಮ್ಮೆ ನನ್ನ ಕಡೆ ನೋಡಿದಳು.

"ತಿಂದ್ರು. ಮೂರು ಮೊಟ್ಟೆ."

ಹಿಂದಿನ ಮೇಜಿನಲ್ಲಿ ಯಾರಿಗೋ ಗಂಟಲಲ್ಲಿ ಕಾಫಿ ಸಿಕ್ಕಿಕೊಂಡು ಕೆಮ್ಮು ಬಂತು.

"ಈಗೆಲ್ಲಿದ್ದಾರೆ ಮತ್ತೆ?"

"ಪಾತ್ರೆ ತೊಳೀತಿದ್ದಾರೆ."

ನಾನು ಬೆಪ್ಪಾದೆ. ಓರಿನ್ ಒಂದು ಮೈಲಿ ದೂರದಲ್ಲಿ ಯಂತ್ರದ ಕೆಳಗೆ ಮಲಗಿದ್ದಾನೆ ಎಂದು ಇಡೀ ಹೋಟೆಲಿನಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ನಲವತ್ತು ವರ್ಷದಿಂದ ಚರ್ಚಿನಲ್ಲಿ ಸ್ವರ ತಪ್ಪದ ಈ ಹೆಂಗಸು ಎಲ್ಲರ ಎದುರಿಗೆ ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಿದ್ದಾಳೆ. ಬಸ್ಸಿನಲ್ಲಿ ಮೂವತ್ತೊಂದು ವರ್ಷ ಸುಳ್ಳು ಕೇಳಿದವಳು ನಾನು. ಅಷ್ಟು ಅಚ್ಚುಕಟ್ಟಾದ ಸುಳ್ಳು ಒಂದನ್ನೂ ಕೇಳಿರಲಿಲ್ಲ.

ಕಾಫಿ ಮುಗಿಸಿ ಎದ್ದವಳು, "ಮರ್ಡೆಲ್, ಸ್ವಲ್ಪ ಹೊರಗೆ ಬಾ" ಅಂದಳು.

ಹೊರಗೆ ಗಾಳಿ ಜೋರಾಗಿತ್ತು. ಕಿಟಕಿಯ ತುಂಬ ಮುಖಗಳಿದ್ದವು. ಅವಳು ಅವುಗಳಿಗೆ ಬೆನ್ನು ಮಾಡಿ ನಿಂತಳು.

"ಈ ಊರಲ್ಲಿ ಸೀಟನ್ನ ಅಷ್ಟು ಮುಂದೆ ಎಳ್ಕೊಂಡು ಗಾಡಿ ಓಡಿಸೋರು ಇಬ್ರೇ. ಒಬ್ಬಳು ನಾನು. ನಾನಂತೂ ತಂದಿಲ್ಲ."

ಬೇರೆ ದಾರಿ ಇರಲಿಲ್ಲ, ಒಪ್ಪಿಕೊಂಡೆ. "ಬೈಯೋದಿದ್ರೆ ಬೈದುಬಿಡು" ಅಂದೆ.

"ಹಿಮ ಬಾಚ್ತಿದ್ದಿದ್ದು ಅವ್ರೇ ತಾನೆ?"

"ನಿಂಗೆ ಯಾವಾಗ ಗೊತ್ತಾಯ್ತು?"

"ಪಾದ್ರಿಗೆ ಸೊಂಟ ನೋವು ಅಂತ ಗೊತ್ತಾದಾಗ. ಅಷ್ಟೊತ್ತಿಗೆ ಪೈ ಕೊಟ್ಟಾಗಿತ್ತು." ಅವಳು ಕೋಟಿನ ಕಾಲರ್ ಬಿಗಿ ಮಾಡಿಕೊಂಡಳು. "ನಾಲ್ಕು ವರ್ಷ ಆಯ್ತು ಕಣೇ, ಎರಡು ಬೆರಳು ನೋಡ್ತಾ. ಬೆರಳಿಗೆ ನಾನೇನು ಉತ್ತರ ಕೊಡ್ಲಿ? ನಂಗೆ ಆ ಲಿಫ್ಟು ಬೇಡ, ಸಿಟಿನೂ ಬೇಡ. ಆದ್ರೆ ನಾನಾಗೇ ಹೋಗಿ ಕೇಳಲ್ಲ. ಕೇಳೋಳಲ್ಲ ನಾನು."

ಕೋಟಿನ ಜೇಬಿನಿಂದ ಏನನ್ನೋ ತೆಗೆದು ತೋರಿಸಿದಳು. ಓರಿನ್‌ನ ಪಿಕಪ್ಪಿನ ಕೀ. ವೆಸ್ಬಿಯಲ್ಲಿ ಒಬ್ಬರ ಗಾಡಿಯಿಂದ ಇನ್ನೊಬ್ಬರು ಕೀ ತೆಗೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಾಳೆ ಹನ್ನೆರಡರ ತನಕ ಇದು ನನ್ನ ಹತ್ರ ಇರುತ್ತೆ. ಗಾಡಿ ಬೇಕಾದ್ರೆ ಬಂದು ಬಾಗಿಲು ತಟ್ಟಿ ಕೇಳ್ಲಿ. ಬರ್ಲಿಲ್ಲ ಅಂದ್ರೆ ನಾನು ಫೋನ್ ಮಾಡ್ತೀನಿ. ಇನ್ನೊಂದು ಕೀ ಇದ್ಯಾ ಅವ್ರ ಹತ್ರ?"

"ಇದೆ. ಅಡುಗೆಮನೆ ಬಾಗಿಲ ಹಿಂದೆ, ಮೊಳೆಗೆ ನೇತಾಕಿದ್ದಾನೆ."

"ಇರಬಾರ್ದು" ಅಂದು ಅವಳು ರಸ್ತೆ ದಾಟಿದಳು.

ಕಾರು ಹತ್ತಿ ಹೊಲದ ಮನೆಗೆ ಹೋದೆ, ಹತ್ತು ನಿಮಿಷದಲ್ಲಿ ಆ ಕೀ ನನ್ನ ಕೈಚೀಲದಲ್ಲಿತ್ತು.

ಮಧ್ಯಾಹ್ನ ಪಕ್ಕದ ಹೊಲದ ಲೈಲ್ ಕಾಳಿನ ಲಾರಿ ತಂದವನು ಓರಿನ್‌ಗೆ ಸುದ್ದಿ ಮುಟ್ಟಿಸಿದ. ಮುಟ್ಟಿಸಿದ ರೀತಿ ಹೀಗಂತೆ: "ಮೂರು ಮೊಟ್ಟೆ ತಿಂದು, ಪಾತ್ರೆ ತೊಳೆದು, ಇಷ್ಟು ಬೇಗ ಹೊಲಕ್ಕೂ ಬಂದ್ಯಲ್ಲಪ್ಪಾ. ಪ್ರಾಯ ಬಂತು ನಿಂಗೆ."

ಸಂಜೆ ನಾನು ಹೋದಾಗ ಓರಿನ್ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಖಾಲಿ ಮೊಳೆಯನ್ನು ನೋಡುತ್ತಿದ್ದ.

"ಇಲ್ಲೇ ಇತ್ತು."

"ಇಲಿ ಹೊತ್ಕೊಂಡು ಹೋಗಿರ್ಬೇಕು" ಅಂದೆ.

"ಪಿಕಪ್ಪನ್ನೂ ಇಲಿನೇ ಓಡಿಸ್ಕೊಂಡು ಹೋಯ್ತಾ?"

ಅವನಿಗೆ ಸಿಟ್ಟು ಬಂದದ್ದನ್ನು ನಾನು ಬಾಳಿನಲ್ಲಿ ಮೂರು ಸಲ ನೋಡಿರಬಹುದು. ಅದು ಒಂದು. ದನಿ ಏರಿಸಲಿಲ್ಲ, ಇನ್ನೂ ತಗ್ಗಿಸಿದ.

"ಅಕ್ಕಾ, ಅವ್ರು ಈ ಊರಲ್ಲಿ ಮರ್ಯಾದೆಯಿಂದ ಬಾಳಿದೋರು. ನನ್ನಿಂದ ಅವ್ರ ಹೆಸರು ಹೋಟ್ಲಲ್ಲಿ ಓಡಾಡೋ ಹಾಗಾಯ್ತು."

"ಓಡಾಡಿಸಿದ್ದು ಅವಳೇ ಕಣೋ. ಮೊಟ್ಟೆ ಲೆಕ್ಕ ಹೇಳಿದ್ದೂ ಅವಳೇ. ನಾನು ಗಾಡಿ ನಿಲ್ಸಿದ್ದು ಅಷ್ಟೇ."

ಅವನು ಮೊಳೆಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದ.

"ಅವ್ರೇ ಹೇಳಿದ್ರಾ?"

"ಸಕ್ಕರೆ ಕಲಕ್ತಾ ಹೇಳಿದ್ಲು. ಕೀ ಅವಳ ಹತ್ರ ಇದೆ. ನಾಳೆ ಮಧ್ಯಾಹ್ನದ ತನಕ ಇರುತ್ತೆ. ಆಮೇಲೆ ಅವಳು ಫೋನ್ ಎತ್ತುತ್ತಾಳೆ."

ಓರಿನ್ ಕುರ್ಚಿ ಎಳೆದು ಕೂತ. ಆ ಅಡುಗೆಮನೆಯಲ್ಲಿ ಅವನು ಕೂತದ್ದನ್ನು ಒಂಬತ್ತು ವರ್ಷದ ಮೇಲೆ ನೋಡಿದೆ. ಅಂಗೈಯಿಂದ ಮೇಜು ಒರೆಸುತ್ತಾ, "ನಾನು ಎರಡೇ ಮೊಟ್ಟೆ ತಿನ್ನೋದು" ಅಂದ.

"ಅದನ್ನ ಅವಳಿಗೇ ಹೋಗಿ ಹೇಳು" ಎಂದು ನಾನು ಹೊರಟುಬಂದೆ.

ಶುಕ್ರವಾರ ಹೋಟೆಲಿನಲ್ಲಿ ಕೂರಲು ಜಾಗವಿರಲಿಲ್ಲ. ಗಂಟೆ ಒಂಬತ್ತಾಯಿತು, ಹತ್ತಾಯಿತು. ಹಸಿರು ಪಿಕಪ್ ನಿಂತಲ್ಲೇ ನಿಂತಿತ್ತು. ಊರಿನ ಲೆಕ್ಕದಲ್ಲಿ ಓರಿನ್ ಎರಡನೇ ದಿನವೂ ಪಾತ್ರೆ ತೊಳೆಯುತ್ತಿದ್ದ. ಸತ್ಯ ಗೊತ್ತಿದ್ದ ನಾನು ಗಡಿಯಾರ ನೋಡುತ್ತಾ ಉಗುರು ಕಚ್ಚುತ್ತಿದ್ದೆ. ಹನ್ನೊಂದಾದಾಗ ನನಗೆ ನಿಜಕ್ಕೂ ಭಯವಾಯಿತು. ತಮಾಷೆ ಮಾಡಲು ಹೋಗಿ, ಬೆರಳಲ್ಲಾದರೂ ಉಳಿದಿದ್ದದ್ದನ್ನು ಹಾಳು ಮಾಡಿದೆನೇನೋ ಎನ್ನಿಸಿತು.

ಹನ್ನೊಂದೂ ಹತ್ತಕ್ಕೆ ಲೈಲ್ ಒಳಗೆ ಬಂದವನೇ, "ಓರಿನ್ ನಡ್ಕೊಂಡು ಬರ್ತಿದ್ದಾನೆ" ಅಂದ.

ನಮ್ಮೂರಿನ ರಸ್ತೆಯಲ್ಲಿ ಗಂಡಸು ನಡೆದು ಬರುವುದೆಂದರೆ ಎಲ್ಲೋ ಬೆಂಕಿ ಬಿದ್ದಿದೆ ಎಂದೇ ಅರ್ಥ. ಐದು ಜನ ಗಾಡಿ ನಿಲ್ಲಿಸಿ ಹತ್ತಿಕೋ ಎಂದರಂತೆ. ಐವರಿಗೂ ಬೇಡ ಎಂದನಂತೆ. ಕೊನೆಗೆ ಕಿಟಕಿಯಲ್ಲಿ ನಮಗೂ ಕಂಡ. ಅಮ್ಮನ ಅಂತ್ಯಕ್ರಿಯೆಗೆ ಹಾಕಿಕೊಂಡಿದ್ದ ಬಿಳಿ ಅಂಗಿ, ಒದ್ದೆ ಮಾಡಿ ಬಾಚಿದ ತಲೆ, ಹೆಗಲ ಮೇಲೆ ಒಂದು ದೊಡ್ಡ ಕುಂಬಳಕಾಯಿ. ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದೆಂದು ಅಮ್ಮ ಕಲಿಸಿದ್ದಳು. ಪುಣ್ಯಾತ್ಮನಿಗೆ ಹೂವು ಹೊಳೆಯಲಿಲ್ಲ.

"ಗಾಡಿ ಅಲ್ಲಿದೆ, ಇವ್ನು ಇಲ್ಲಿಂದ ಬರ್ತಿದ್ದಾನೆ. ಹಂಗಾದ್ರೆ ಯಾವಾಗ ಹೊರಗೆ ಹೋದ?" ಎಂದು ಲವೋನ್ ತಲೆ ಕೆಡಿಸಿಕೊಂಡಳು.

ಅವನು ಪಿಕಪ್ಪಿನ ಪಕ್ಕ ಒಂದು ಕ್ಷಣ ನಿಂತ. ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿದ. ಕೀ ಇರಲಿಲ್ಲ. ಬಾಗಿಲು ಮುಚ್ಚಿ, ಮನೆಯ ಮೆಟ್ಟಿಲು ಹತ್ತಿ, ಕುಂಬಳಕಾಯಿಯನ್ನು ಎಡಗೈಗೆ ತೆಗೆದುಕೊಂಡು ಬಾಗಿಲು ತಟ್ಟಿದ. ಆರ್ಲಿಸ್ ತೆರೆದಳು. ಅವಳ ತಲೆ ಅವನ ಎದೆಯ ಗುಂಡಿಯ ಮಟ್ಟಕ್ಕೆ ಬರುತ್ತಿತ್ತು. ಅವನ ಬಾಯಿ ಆಡುತ್ತಿದ್ದುದು ಕಂಡಿತು. ಓರಿನ್ ಒಟ್ಟಿಗೆ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಏನು ಹೇಳಿದನೋ ನನಗೆ ಗೊತ್ತಿಲ್ಲ. ಈ ಕಥೆಯಲ್ಲಿ ನನಗೆ ಗೊತ್ತಿಲ್ಲದ್ದು ಅದೊಂದೇ, ಅದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆಮೇಲೆ ಅವಳು ಪಕ್ಕಕ್ಕೆ ಸರಿದಳು, ಅವನು ತಲೆ ಬಗ್ಗಿಸಿ ಒಳಗೆ ಹೋದ. ಬಾಗಿಲು ಮುಚ್ಚಿತು.

ಹನ್ನೆರಡು ಹೊಡೆದಾಗ ಇಡೀ ಹೋಟೆಲು ಗಡಿಯಾರ ನೋಡಿ ಮತ್ತೆ ಕಿಟಕಿಗೆ ತಿರುಗಿತು. ಹನ್ನೆರಡೂವರೆಗೆ ಓರಿನ್ ಹೊರಗೆ ಬಂದ. ಪಿಕಪ್ ಹತ್ತಲು ಹೋದವನ ಎರಡೂ ಮಂಡಿಗಳು ಸ್ಟೀರಿಂಗಿಗೆ ಬಡಿದವು. ಕೆಳಗಿಳಿದು ಮಂಡಿ ತಿಕ್ಕಿಕೊಂಡು, ಸೀಟು ಹಿಂದಕ್ಕೆ ತಳ್ಳಿ, ನೇರವಾಗಿ ನಾನು ಕೂತಿದ್ದ ಕಿಟಕಿಯ ಕಡೆ ತಿರುಗಿ ಒಂದು ಬೆರಳು ಎತ್ತಿದ. ಯಾವ ಬೆರಳು ಎಂದು ನಾನು ಹೇಳುವುದಿಲ್ಲ. ಚರ್ಚಿಗೆ ಹೋಗುವ ಕುಟುಂಬ ನಮ್ಮದು.

"ಏನಾಯ್ತೋ?" ಎಂದು ಅವತ್ತೇ ಸಂಜೆ ಫೋನ್ ಮಾಡಿ ಕೇಳಿದೆ.

"ಕೀ ಕೊಟ್ರು."

"ಮತ್ತೆ?"

"ಕುಂಬಳಕಾಯಿ ಚೆನ್ನಾಗಿದೆ ಅಂದ್ರು."

ಫೋನ್ ಇಟ್ಟುಬಿಟ್ಟ. ಭಾನುವಾರ ಆರ್ಲಿಸ್ ಎಂದಿನಂತೆ ಆರ್ಗನ್ ನುಡಿಸಿದಳು, ಒಂದು ಸ್ವರವೂ ಆಚೀಚೆ ಆಗಲಿಲ್ಲ. ಓರಿನ್ ಎಂದಿನಂತೆ ಹಿಂದಿನ ಸಾಲಿನಲ್ಲಿ ಕೂತ. ಸಿಟಿಗೆ ಫೋನ್ ಮಾಡಿದೆಯಾ ಎಂದು ಕೇಳಿದರೆ, "ಮಾಡ್ದೆ" ಎಂದಳು. ಏನು ಹೇಳಿದೆ ಎಂದರೆ, "ಮಾತಾಡ್ದೆ" ಎಂದಳು. ಹತ್ತು ದಿನ ಇಡೀ ಊರಿಗೆ ಅನ್ನ ನೀರು ಸೇರದಂತಾಗಿತ್ತು, ಅದರಲ್ಲೂ ನನಗೆ.

ಹನ್ನೊಂದನೇ ದಿನ ನನಗೆ ಚಳಿಗಾಲದಲ್ಲಿ ಮನೆಯ ಕಿಟಕಿಗಳ ಹೊರಗೆ ಹಾಕುವ ಗಾಜಿನ ಚೌಕಟ್ಟುಗಳನ್ನು ಸಾಗಿಸಬೇಕಿತ್ತು. ಪಿಕಪ್ ತರೋಣವೆಂದು ಬೆಳಗ್ಗೆಯೇ ಹೊಲದ ಮನೆಗೆ ಹೋದೆ. ಅಂಗಳದಲ್ಲಿತ್ತು. ಬಿಳಿ ಬಾಗಿಲು ಹುಡುಕಿದೆ. ಬಾಗಿಲು ಹಸಿರಾಗಿತ್ತು, ಬಣ್ಣ ಇನ್ನೂ ಸ್ವಲ್ಪ ಅಂಟುತ್ತಿತ್ತು. ಹದಿನಾಲ್ಕು ವರ್ಷ ನಾನು ಬಾಯಿ ನೋಯಿಸಿಕೊಂಡರೂ ಆಗದ್ದನ್ನು ಇನ್ಯಾರೋ ಹನ್ನೊಂದೇ ದಿನದಲ್ಲಿ ಮಾಡಿಸಿದ್ದರು.

ಹತ್ತಿ ಕೂತು ಅಭ್ಯಾಸಬಲದಿಂದ ಸೀಟಿನ ಕೆಳಗಿನ ಸಲಾಕೆಗೆ ಕೈ ಹಾಕಿದೆ. ಎಳೆಯಬೇಕಾಗಲಿಲ್ಲ. ನನ್ನ ಮಂಡಿಗಳೇ ಸ್ಟೀರಿಂಗಿಗೆ ತಾಗುತ್ತಿದ್ದವು. ಸೀಟು ನಾನು ಎಳೆದುಕೊಳ್ಳುವುದಕ್ಕಿಂತ ಇನ್ನೂ ಒಂದು ಹಲ್ಲು ಮುಂದಿತ್ತು, ಅದರ ಮೇಲೆ ಚರ್ಚಿನ ಆರ್ಗನ್ ಪೀಠದ ಹಳೆಯ ದಿಂಬಿತ್ತು. ಎಪ್ಪತ್ತೊಂದು ವರ್ಷದಲ್ಲಿ ಒಬ್ಬರ ಸೀಟನ್ನು ನಾನು ಹಿಂದಕ್ಕೆ ತಳ್ಳಿದ್ದು ಅದೇ ಮೊದಲ ಸಲ. ಕಣ್ಣು ಮಂಜಾಯಿತು, ಮುಚ್ಚುಮರೆಯೇನಿಲ್ಲ. ಒರೆಸಿಕೊಂಡು ಗಾಡಿ ಶುರು ಮಾಡಲು ಕೈ ಮುಂದೆ ಮಾಡಿದರೆ ಕೀ ಇಲ್ಲ.

ಅಡುಗೆಮನೆಯ ಕಿಟಕಿ ತೆರೆಯಿತು. ಒಳಗೆ ಓರಿನ್ ಮೇಜಿನ ಮುಂದೆ ಕೂತು, ತಟ್ಟೆಯಲ್ಲಿ ಬಡಿಸಿದ್ದನ್ನು ಚಮಚದಿಂದ ತಿನ್ನುತ್ತಿದ್ದ. ಕಿಟಕಿಯಲ್ಲಿ ಆರ್ಲಿಸ್ ನಿಂತಿದ್ದಳು, ಕೀ ಅವಳ ಬೆರಳ ತುದಿಯಲ್ಲಿ ತೂಗುತ್ತಿತ್ತು.

"ಎಲ್ಲಿ ನಿಲ್ಲಿಸ್ತೀಯ ಅಂತ ಹೇಳಿ ತಗೊಂಡು ಹೋಗು, ಮರ್ಡೆಲ್."

ನನ್ನ ಕೈಚೀಲದ ತಳದಲ್ಲಿ ಇನ್ನೊಂದು ಕೀ ಇನ್ನೂ ಹಾಗೇ ಬಿದ್ದಿತ್ತು. ಆದರೂ ಇಳಿದು ಹೋಗಿ, ಕಿಟಕಿಯ ಕೆಳಗೆ ನಿಂತು ಕೇಳಿದೆ.